ಕಾರಿನ ಎಂಜಿನ್ ಅತಿತಾಪ ಮತ್ತು ಹೀಟರ್ ದೋಷ

ಎಂಜಿನ್ ಅತಿತಾಪ ಎಂದರೆ ಅಂತರ್ದಹನ ಎಂಜಿನ್‌ನ ಉಷ್ಣತೆಯು ಅದಕ್ಕೆ ನಿಗದಿಯಾದ ಮಿತಿಯನ್ನು ಮೀರಿ ಏರುವ ಸ್ಥಿತಿ. ಆಡುಮಾತಿನಲ್ಲಿ ಇದನ್ನು ‘ಎಂಜಿನ್ ಹೀಟ್ ಆಗುವುದು’ ಅಥವಾ ‘ರೇಡಿಯೇಟರ್ ಕುದಿಯುವುದು’ ಎನ್ನುತ್ತಾರೆ. ದ್ರವದಿಂದ ತಂಪಾಗುವ ಎಂಜಿನ್ ಇರುವ ಕಾರುಗಳಲ್ಲಿ ಒಳಭಾಗವನ್ನು ಬೆಚ್ಚಗಿಡುವ ಹೀಟರ್ ಕೂಡ ಅದೇ ಶೀತಕದ್ರವದಿಂದ ಶಾಖವನ್ನು ಪಡೆಯುತ್ತದೆ. ಹೀಗಾಗಿ ಎಂಜಿನ್ ಮಿತಿಮೀರಿ ಕಾದಿರುವಾಗಲೇ ಹೀಟರ್‌ನಿಂದ ತಣ್ಣನೆಯ ಗಾಳಿ ಬರುವುದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸಿದರೂ, ಶೀತಕದ್ರವವು ಸರಿಯಾಗಿ ಹರಿಯುತ್ತಿಲ್ಲ ಎಂಬುದಕ್ಕೆ ಅದು ಮುಖ್ಯ ಸುಳಿವಾಗಿದೆ. ಅತಿತಾಪವನ್ನು ಕಡೆಗಣಿಸಿ ಕಾರನ್ನು ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಹೆಡ್ ಬಾಗುವುದು, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುವುದು ಮುಂತಾದ ದೊಡ್ಡ ಹಾನಿ ಸಂಭವಿಸಬಹುದು.

## ಹಿನ್ನೆಲೆ

ಇಂಧನ ಉರಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಭಾಗ ಹೊಗೆಯ ಮೂಲಕ ಹೊರಹೋಗುತ್ತದೆ. ಉಳಿದ ಶಾಖದ ಬಹುಪಾಲನ್ನು ಶೀತಕ ವ್ಯವಸ್ಥೆಯು ಹೊರಹಾಕಬೇಕಾಗುತ್ತದೆ. ಸಿಲಿಂಡರ್‌ನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಮಾತ್ರ 2000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಈ ಶಾಖವನ್ನು ನಿರಂತರವಾಗಿ ತೆಗೆಯದಿದ್ದರೆ ಲೋಹದ ಭಾಗಗಳು ಹಿಗ್ಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

1886ರ ಕಾರ್ಲ್ ಬೆಂಜ್‌ನ ಮೋಟಾರು ವಾಹನದಲ್ಲಿ ನೀರು ಕುದಿದು ಆವಿಯಾಗುವುದರಿಂದಲೇ ಎಂಜಿನ್ ತಂಪಾಗುತ್ತಿತ್ತು. ಆವಿಯಾದಷ್ಟು ನೀರನ್ನು ಮತ್ತೆ ಮತ್ತೆ ತುಂಬಬೇಕಾಗಿತ್ತು. ವಿಲ್ಹೆಲ್ಮ್ ಮೇಬ್ಯಾಕ್ ರೂಪಿಸಿದ ಜೇನುಗೂಡಿನಾಕಾರದ ರೇಡಿಯೇಟರ್ 1901ರ ಮರ್ಸಿಡಿಸ್ ಕಾರಿನಲ್ಲಿ ಬಳಕೆಗೆ ಬಂದು ಈ ತೊಡಕನ್ನು ನಿವಾರಿಸಿತು. ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲಿಗೆ ಪಂಪ್ ಇರಲಿಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಗುಣದಿಂದಲೇ ನೀರು ಸುತ್ತುತ್ತಿತ್ತು. ಇಂದಿನ ಕಾರುಗಳಲ್ಲಿ ಪಂಪ್, ಥರ್ಮೋಸ್ಟಾಟ್ ಹಾಗೂ ಒತ್ತಡದ ಮುಚ್ಚಳವಿರುವ ಮುಚ್ಚಿದ ವ್ಯವಸ್ಥೆ ಸಾರ್ವತ್ರಿಕವಾಗಿದೆ.

## ಶೀತಕ ವ್ಯವಸ್ಥೆಯ ಭಾಗಗಳು

ಶೀತಕದ್ರವ: ಇದನ್ನು ಸಾಮಾನ್ಯವಾಗಿ ಕೂಲೆಂಟ್ ಎಂದು ಕರೆಯಲಾಗುತ್ತದೆ. ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕುನಿರೋಧಕಗಳ ಮಿಶ್ರಣವಿದು. ನೀರು ಮತ್ತು ಗ್ಲೈಕಾಲ್ ಸಮಪ್ರಮಾಣದಲ್ಲಿರುವ ಮಿಶ್ರಣವು ಸುಮಾರು −37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ ಹಾಗೂ ಸಾಮಾನ್ಯ ವಾಯುಒತ್ತಡದಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ.

ವಾಟರ್ ಪಂಪ್: ಬೆಲ್ಟ್‌ನಿಂದ ಅಥವಾ ವಿದ್ಯುತ್ ಮೋಟಾರಿನಿಂದ ತಿರುಗುವ ಈ ಪಂಪ್ ದ್ರವವನ್ನು ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ರೇಡಿಯೇಟರ್ ಮತ್ತು ಹೀಟರ್ ಮೂಲಕ ಹರಿಸುತ್ತದೆ.

ಥರ್ಮೋಸ್ಟಾಟ್: ಇದು ಮೇಣ ತುಂಬಿದ ಪುಟ್ಟ ಕವಾಟ. ಎಂಜಿನ್ ತಣ್ಣಗಿರುವಾಗ ಮುಚ್ಚಿದ್ದು ರೇಡಿಯೇಟರ್‌ನ ದಾರಿಯನ್ನು ತಡೆಯುತ್ತದೆ. ದ್ರವದ ಉಷ್ಣತೆ ಸಾಮಾನ್ಯವಾಗಿ 82ರಿಂದ 95 ಡಿಗ್ರಿಯ ನಡುವಿನ ನಿಗದಿತ ಮಟ್ಟಕ್ಕೆ ಏರಿದಾಗ ಮೇಣ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ.

ರೇಡಿಯೇಟರ್ ಮತ್ತು ಫ್ಯಾನ್: ರೇಡಿಯೇಟರ್‌ನ ತೆಳುವಾದ ಕೊಳವೆ ಮತ್ತು ಪಟ್ಟಿಗಳ ನಡುವೆ ಹಾಯುವ ಗಾಳಿ ದ್ರವದ ಶಾಖವನ್ನು ಹೀರಿಕೊಳ್ಳುತ್ತದೆ. ಕಾರು ವೇಗವಾಗಿ ಚಲಿಸುವಾಗ ಎದುರುಗಾಳಿಯೇ ಸಾಕಾಗುತ್ತದೆ. ನಿಂತಾಗ ಅಥವಾ ನಿಧಾನಗತಿಯಲ್ಲಿ ಫ್ಯಾನ್ ಅನಿವಾರ್ಯ.

ಒತ್ತಡದ ಮುಚ್ಚಳ: ಇದು ವ್ಯವಸ್ಥೆಯೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು 1 ಬಾರ್‌ನಷ್ಟು ಹೆಚ್ಚಾಗಿರಿಸುತ್ತದೆ. ಅದರಿಂದ ಕುದಿಯುವ ಬಿಂದು ಏರುತ್ತದೆ. ಸಮಪ್ರಮಾಣದ ಮಿಶ್ರಣವು ಆಗ ಸುಮಾರು 130 ಡಿಗ್ರಿಯವರೆಗೆ ಕುದಿಯದೆ ಉಳಿಯುತ್ತದೆ. ಎಂಜಿನ್ ತಣಿದಾಗ ಹೊರಗಿನ ಬಾಟಲಿಯಿಂದ ದ್ರವವನ್ನು ಹಿಂದಕ್ಕೆ ಎಳೆದುಕೊಳ್ಳಲು ಅನೇಕ ಮುಚ್ಚಳಗಳಲ್ಲಿ ಎರಡನೆಯ ಕವಾಟವೂ ಇರುತ್ತದೆ.

ಹೀಟರ್ ಕೋರ್: ಡ್ಯಾಶ್‌ಬೋರ್ಡಿನ ಹಿಂದೆ ಇರುವ ಚಿಕ್ಕ ರೇಡಿಯೇಟರ್ ಇದು. ಎಂಜಿನ್‌ನಿಂದ ಎರಡು ಹೋಸ್ ಪೈಪುಗಳ ಮೂಲಕ ಬಿಸಿ ದ್ರವ ಇದರೊಳಗೆ ಹರಿದು ಹಿಂದಿರುಗುತ್ತದೆ. ಬ್ಲೋವರ್ ಇದರ ಮೂಲಕ ಗಾಳಿಯನ್ನು ಊದುತ್ತದೆ. ಬಿಸಿ ಮತ್ತು ತಣ್ಣನೆಯ ಗಾಳಿಯ ಪ್ರಮಾಣವನ್ನು ಹೊಂದಿಸುವ ಒಂದು ಕದ ಇದರ ಬಳಿ ಇರುತ್ತದೆ. ಕೆಲವು ಕಾರುಗಳಲ್ಲಿ ದ್ರವದ ಹರಿವನ್ನೇ ತಡೆಯುವ ಹೀಟರ್ ಕವಾಟವೂ ಇರುತ್ತದೆ. ಹೀಟರ್‌ನ ಹರಿವು ಸಾಮಾನ್ಯವಾಗಿ ಥರ್ಮೋಸ್ಟಾಟ್ ತೆರೆಯುವುದನ್ನು ಕಾಯುವುದಿಲ್ಲ. ಆದ್ದರಿಂದಲೇ ಎಂಜಿನ್ ಬಿಸಿಯೇರುತ್ತಿದ್ದಂತೆ ಹೀಟರ್ ಕೂಡ ಬೆಚ್ಚಗಾಗುತ್ತದೆ.

## ಲಕ್ಷಣಗಳು

ಉಷ್ಣತಾಮಾಪಕದ ಮುಳ್ಳು ಕೆಂಪು ಗುರುತಿನತ್ತ ಏರುವುದು, ಕೆಂಪು ಎಚ್ಚರಿಕೆ ದೀಪ ಹೊತ್ತುವುದು, ಬಾನೆಟ್ಟಿನಡಿಯಿಂದ ಹಬೆ ಏಳುವುದು, ಕೂಲೆಂಟ್‌ನ ಸಿಹಿಯಾದ ವಾಸನೆ, ಎಂಜಿನ್ ಬಲಗುಂದುವುದು ಹಾಗೂ ಟಕಟಕ ಸದ್ದು ಅತಿತಾಪದ ಸಾಮಾನ್ಯ ಲಕ್ಷಣಗಳು. ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳಿನ ಮಾಪಕವಿಲ್ಲದೆ ನೀಲಿ ಮತ್ತು ಕೆಂಪು ದೀಪಗಳಷ್ಟೇ ಇರುತ್ತವೆ. ಮುಳ್ಳಿರುವ ಹಲವು ಕಾರುಗಳಲ್ಲಿಯೂ ಉಷ್ಣತೆಯ ಸಣ್ಣ ಏರಿಳಿತಗಳು ಕಾಣದಂತೆ ಮುಳ್ಳು ಮಧ್ಯದಲ್ಲೇ ನಿಲ್ಲುವ ಏರ್ಪಾಡಿರುತ್ತದೆ. ಹೀಗಾಗಿ ಮುಳ್ಳು ಮಧ್ಯಭಾಗವನ್ನು ಸ್ಪಷ್ಟವಾಗಿ ದಾಟಿದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ಮಾಪಕವು ಕೆಲವೊಮ್ಮೆ ತಪ್ಪು ಭರವಸೆಯನ್ನೂ ನೀಡುತ್ತದೆ. ಅದರ ಸಂವೇದಕವು ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಅಳತೆ ಕೊಡುತ್ತದೆ. ದ್ರವ ಬಹುಪಾಲು ಸೋರಿಹೋಗಿದ್ದರೆ ಸಂವೇದಕದ ಸುತ್ತ ಗಾಳಿ ಅಥವಾ ಹಬೆಯಷ್ಟೇ ಉಳಿದು ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ಹಠಾತ್ತನೆ ಇಳಿದು, ಅದೇ ವೇಳೆಗೆ ಹೀಟರ್ ಕೂಡ ತಣ್ಣಗಾದರೆ ಎಂಜಿನ್ ತಣಿಯಿತೆಂದು ಭಾವಿಸಬಾರದು. ದ್ರವವೇ ಇಲ್ಲವಾಗಿರುವ ಸಾಧ್ಯತೆ ಹೆಚ್ಚು.

## ಎರಡು ಲಕ್ಷಣಗಳ ಸಂಬಂಧ

ಎಂಜಿನ್‌ನ ಉಷ್ಣತೆ ಮತ್ತು ಹೀಟರ್‌ನ ಗಾಳಿಯನ್ನು ಒಟ್ಟಿಗೆ ಗಮನಿಸಿದರೆ ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

- ಎಂಜಿನ್ ಅತಿಯಾಗಿ ಬಿಸಿ, ಹೀಟರ್ ತಣ್ಣಗೆ: ಬಿಸಿ ದ್ರವ ಹೀಟರ್‌ವರೆಗೆ ತಲುಪುತ್ತಿಲ್ಲ. ದ್ರವದ ಕೊರತೆ, ಒಳಗೆ ಸಿಲುಕಿದ ಗಾಳಿ, ಕೆಟ್ಟ ವಾಟರ್ ಪಂಪ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರಿಕೆ ಇದಕ್ಕೆ ಕಾರಣವಾಗಿರಬಹುದು.
- ಎಂಜಿನ್ ಅತಿಯಾಗಿ ಬಿಸಿ, ಹೀಟರ್ ಕೂಡ ಚೆನ್ನಾಗಿ ಬಿಸಿ: ದ್ರವ ಹರಿಯುತ್ತಿದೆ, ಆದರೆ ಶಾಖ ಹೊರಹೋಗುತ್ತಿಲ್ಲ. ಮುಚ್ಚಿದಂತೆಯೇ ಉಳಿದ ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ಅಥವಾ ಓಡದ ಫ್ಯಾನ್ ಕಾರಣವಾಗಿರಬಹುದು.
- ಎಂಜಿನ್ ಬಿಸಿಯೇರುವುದೇ ಇಲ್ಲ, ಹೀಟರ್ ಉಗುರುಬೆಚ್ಚಗೆ: ಥರ್ಮೋಸ್ಟಾಟ್ ತೆರೆದಂತೆಯೇ ಸಿಲುಕಿದೆ. ಇಂಧನ ವ್ಯಯವೂ ಹೆಚ್ಚುತ್ತದೆ.
- ಎಂಜಿನ್ ಸಹಜ ಉಷ್ಣತೆಯಲ್ಲಿ, ಹೀಟರ್ ತಣ್ಣಗೆ: ದೋಷವು ಹೀಟರ್‌ಗೆ ಸೀಮಿತ. ಕೋರ್ ಕಟ್ಟಿಕೊಂಡಿರುವುದು, ಹೀಟರ್ ಕವಾಟ ತೆರೆಯದಿರುವುದು ಅಥವಾ ಗಾಳಿಯ ಕದ ಚಲಿಸದಿರುವುದು ಕಾರಣವಾಗಿರಬಹುದು.

ಇವುಗಳಲ್ಲಿ ಮೊದಲನೆಯದೇ ಹೆಚ್ಚು ಅಪಾಯಕಾರಿ. ಹಲವು ಕಾರುಗಳಲ್ಲಿ ಹೀಟರ್ ಕೋರ್ ವ್ಯವಸ್ಥೆಯ ಎತ್ತರದ ಭಾಗಗಳಲ್ಲೊಂದು. ಗಾಳಿ ಮೇಲಕ್ಕೇರಿ ಅಲ್ಲಿ ಸೇರುತ್ತದೆ. ದ್ರವದ ಮಟ್ಟ ಇಳಿದಾಗ ಮೊದಲು ಬರಿದಾಗುವುದೂ ಅದೇ. ಆದ್ದರಿಂದ ಹೀಟರ್ ದುರ್ಬಲವಾಗುವುದು ಕೆಲವೊಮ್ಮೆ ಮುಳ್ಳು ಏರುವುದಕ್ಕಿಂತ ಮುಂಚೆಯೇ ಸಿಗುವ ಎಚ್ಚರಿಕೆಯಾಗಿದೆ.

## ಕಾರಣಗಳು

### ಸೋರಿಕೆ ಮತ್ತು ದ್ರವದ ಕೊರತೆ

ಅತಿತಾಪಕ್ಕೆ ಇದೇ ಸಾಮಾನ್ಯ ಕಾರಣ. ಹೋಸ್ ಪೈಪುಗಳ ಬಿರುಕು, ಸಡಿಲವಾದ ಕ್ಲಿಪ್, ರೇಡಿಯೇಟರ್‌ನ ಪ್ಲಾಸ್ಟಿಕ್ ಭಾಗ ಲೋಹಕ್ಕೆ ಸೇರುವ ಅಂಚು, ಹಾಗೂ ವಾಟರ್ ಪಂಪ್‌ನ ಸೀಲ್ ಸೋರುವ ಮುಖ್ಯ ಸ್ಥಳಗಳು. ಪಂಪ್‌ನ ಸೀಲ್ ಸವೆದಾಗ ಅದರ ಕೆಳಭಾಗದ ಪುಟ್ಟ ರಂಧ್ರದಿಂದ ದ್ರವ ಒಸರಿ ಬಣ್ಣದ ಕಲೆ ಉಳಿಯುತ್ತದೆ. ಹೀಟರ್ ಕೋರ್ ಸೋರಿದರೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಗಾಜಿನ ಒಳಬದಿಗೆ ಜಿಡ್ಡಾದ ಮಂಜು ಕವಿಯುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರು ಬಣ್ಣವಿಲ್ಲದೆ ಜಿಡ್ಡಿಲ್ಲದೆ ಇರುವುದರಿಂದ ಇವೆರಡನ್ನೂ ಸುಲಭವಾಗಿ ಗುರುತಿಸಬಹುದು.

### ಏರ್ ಲಾಕ್

ಕೂಲೆಂಟ್ ಬದಲಿಸಿದ ನಂತರ ಅಥವಾ ಸೋರಿಕೆಯಾದ ನಂತರ ವ್ಯವಸ್ಥೆಯೊಳಗೆ ಗಾಳಿ ಉಳಿದುಕೊಳ್ಳಬಹುದು. ವಾಟರ್ ಪಂಪ್ ದ್ರವವನ್ನು ತಳ್ಳಬಲ್ಲದೇ ಹೊರತು ಗಾಳಿಯನ್ನಲ್ಲ. ಗಾಳಿ ಸಿಲುಕಿದ ಕಡೆ ಹರಿವು ನಿಲ್ಲುತ್ತದೆ ಮತ್ತು ಸಿಲಿಂಡರ್ ಹೆಡ್‌ನಲ್ಲಿ ಅಲ್ಲಲ್ಲಿ ಅತಿಯಾದ ಬಿಸಿ ಉಂಟಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳುವುದು, ಎಂಜಿನ್ ವೇಗ ಹೆಚ್ಚಿಸಿದಾಗ ಮಾತ್ರ ಹೀಟರ್ ಬೆಚ್ಚಗಾಗುವುದು ಇದರ ಕುರುಹುಗಳು.

### ವಾಟರ್ ಪಂಪ್ ದೋಷ

ಪಂಪ್ ಹೊರಗಿನಿಂದ ಸರಿಯಾಗಿ ತಿರುಗುತ್ತಿದ್ದರೂ ಒಳಗಿನ ರೆಕ್ಕೆಗಳು ತುಕ್ಕಿನಿಂದ ಸವೆದಿರಬಹುದು. ಪ್ಲಾಸ್ಟಿಕ್ ರೆಕ್ಕೆಗಳಿರುವ ಪಂಪ್‌ಗಳಲ್ಲಿ ಅವು ಬಿರಿದು ದಂಡದ ಮೇಲೆ ಜಾರಬಹುದು. ಬೆಲ್ಟ್ ಸಡಿಲವಾದಾಗ ಅಥವಾ ತುಂಡಾದಾಗ ಪಂಪ್ ನಿಂತೇಹೋಗುತ್ತದೆ. ಅದೇ ಬೆಲ್ಟ್ ಆಲ್ಟರ್ನೇಟರನ್ನೂ ತಿರುಗಿಸುತ್ತಿದ್ದರೆ ಬ್ಯಾಟರಿಯ ದೀಪವೂ ಒಟ್ಟಿಗೇ ಹೊತ್ತಿಕೊಳ್ಳುತ್ತದೆ.

### ಥರ್ಮೋಸ್ಟಾಟ್, ರೇಡಿಯೇಟರ್ ಮತ್ತು ಫ್ಯಾನ್

ಥರ್ಮೋಸ್ಟಾಟ್ ಮುಚ್ಚಿದಂತೆ ಸಿಲುಕಿದರೆ ಎಂಜಿನ್ ಚಾಲನೆಯಾದ ಸ್ವಲ್ಪ ಹೊತ್ತಿನಲ್ಲೇ ಮುಳ್ಳು ಏರುತ್ತದೆ. ರೇಡಿಯೇಟರ್ ಮಾತ್ರ ತಣ್ಣಗೇ ಇರುತ್ತದೆ. ನಗರದ ಸಂಚಾರದಟ್ಟಣೆಯಲ್ಲಿ ಬಿಸಿಯೇರಿ ಹೆದ್ದಾರಿಯಲ್ಲಿ ತಣಿಯುವ ಕಾರಿನಲ್ಲಿ ಫ್ಯಾನ್, ಅದರ ಫ್ಯೂಸ್, ರಿಲೇ ಅಥವಾ ಉಷ್ಣತಾ ಸ್ವಿಚ್ಚಿನ ದೋಷವನ್ನು ಶಂಕಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ ಹೆಚ್ಚು ವೇಗದಲ್ಲಿ ಅಥವಾ ಏರುದಾರಿಯಲ್ಲಿ ಮಾತ್ರ ಬಿಸಿಯೇರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವ ಅಥವಾ ಕೆಳಗಿನ ಹೋಸ್ ಪೈಪ್ ಪಂಪ್‌ನ ಸೆಳೆತಕ್ಕೆ ಚಪ್ಪಟೆಯಾಗುತ್ತಿರುವ ಸಾಧ್ಯತೆ ಇದೆ. ರೇಡಿಯೇಟರ್‌ನ ಹೊರಮೈಗೆ ಧೂಳು, ಕೀಟ, ಹುಲ್ಲಿನ ಬೀಜಗಳು ಅಂಟಿಕೊಂಡರೂ ಗಾಳಿಯ ಹಾದಿ ಮುಚ್ಚುತ್ತದೆ.

### ಹೆಡ್ ಗ್ಯಾಸ್ಕೆಟ್ ಸೋರಿಕೆ

ಸಿಲಿಂಡರ್ ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಹಾಳಾದಾಗ ದಹನದ ಅನಿಲ ಶೀತಕದ್ರವಕ್ಕೆ ನುಗ್ಗಿ, ದ್ರವವನ್ನು ಹೊರದೂಡಿ ಗಾಳಿಯ ಗುಳ್ಳೆಗಳನ್ನು ತುಂಬುತ್ತದೆ. ಇದರಿಂದ ಅತಿತಾಪವೂ ಹೀಟರ್ ದೌರ್ಬಲ್ಯವೂ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಎಷ್ಟು ಬಾರಿ ಗಾಳಿ ತೆಗೆದರೂ ಮತ್ತೆ ಸೇರುವುದು, ತಣ್ಣನೆಯ ಎಂಜಿನ್ ಚಾಲನೆ ಮಾಡಿದ ಕೂಡಲೇ ಹೋಸ್ ಪೈಪು ಗಟ್ಟಿಯಾಗುವುದು, ಹೊರಗೆ ಸೋರಿಕೆ ಕಾಣದಿದ್ದರೂ ದ್ರವ ಕಡಿಮೆಯಾಗುತ್ತಿರುವುದು, ಸೈಲೆನ್ಸರ್‌ನಿಂದ ನಿಲ್ಲದೆ ಬಿಳಿ ಹೊಗೆ ಬರುವುದು, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣಗಳು. ಚಳಿಯ ಮುಂಜಾನೆ ಕೆಲವು ನಿಮಿಷ ಮಾತ್ರ ಕಾಣುವ ಬಿಳಿ ಆವಿ ಸಹಜವಾದದ್ದು.

ಗ್ಯಾಸ್ಕೆಟ್ ಹಾಳಾಗುವುದು ಅತಿತಾಪಕ್ಕೆ ಕಾರಣವೂ ಹೌದು, ಪರಿಣಾಮವೂ ಹೌದು. ಅಲ್ಯೂಮಿನಿಯಂ ಲೋಹವು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ ಮಿತಿಮೀರಿ ಕಾದಾಗ ಹೆಡ್ ಬಾಗಿ ಗ್ಯಾಸ್ಕೆಟ್‌ನ ಬಿಗಿತ ತಪ್ಪುತ್ತದೆ.

## ರಸ್ತೆಯಲ್ಲಿ ಅತಿತಾಪ ಕಂಡಾಗ

ಮುಳ್ಳು ಏರತೊಡಗಿದ ಕೂಡಲೇ ಏಸಿಯನ್ನು ಆರಿಸಿ, ಹೀಟರನ್ನು ಪೂರ್ಣ ಬಿಸಿಗೂ ಬ್ಲೋವರನ್ನು ಪೂರ್ಣ ವೇಗಕ್ಕೂ ತಿರುಗಿಸಬೇಕು. ಆಗ ಹೀಟರ್ ಕೋರ್ ಎರಡನೆಯ ರೇಡಿಯೇಟರ್‌ನಂತೆ ಕೆಲಸ ಮಾಡಿ ಸ್ವಲ್ಪ ಶಾಖವನ್ನು ಹೊರಹಾಕುತ್ತದೆ. ಕಾರಿನ ಒಳಗೆ ಸೆಕೆಯಾದರೂ ಸುರಕ್ಷಿತ ಸ್ಥಳ ತಲುಪಲು ಈ ಕ್ರಮ ನೆರವಾಗುತ್ತದೆ. ಹೀಟರ್‌ನಿಂದ ತಣ್ಣನೆಯ ಗಾಳಿಯೇ ಬಂದರೆ ಈ ಉಪಾಯ ಫಲಿಸುವುದಿಲ್ಲ. ಕೂಡಲೇ ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಮುಳ್ಳು ಕೆಂಪು ಗುರುತು ಮುಟ್ಟಿದ್ದರೆ, ಕೆಂಪು ದೀಪ ಹೊತ್ತಿದ್ದರೆ ಅಥವಾ ಹಬೆ ಕಂಡರೆ ಸಹ ಹೀಗೆಯೇ ಮಾಡಬೇಕು.

ಬಿಸಿಯಾದ ರೇಡಿಯೇಟರ್ ಅಥವಾ ಕೂಲೆಂಟ್ ಟ್ಯಾಂಕಿನ ಒತ್ತಡದ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗಿನ ದ್ರವ 100 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದು ಒತ್ತಡದಿಂದಾಗಿ ಮಾತ್ರ ಕುದಿಯದೆ ಉಳಿದಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಹಬೆಯಾಗಿ ಚಿಮ್ಮಿ ಮುಖ ಮತ್ತು ಕೈಗಳಿಗೆ ತೀವ್ರ ಸುಟ್ಟಗಾಯ ಮಾಡುತ್ತದೆ. ಮೇಲಿನ ಹೋಸ್ ಪೈಪ್ ಕೈಗೆ ತಣ್ಣಗೂ ಮೆತ್ತಗೂ ತೋರುವವರೆಗೆ ಕಾಯಬೇಕು. ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಬೇಕಾಗಬಹುದು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಹಠಾತ್ತನೆ ಕುಗ್ಗಿ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು. ಎಂಜಿನ್ ಆರಿಸಿದ ಮೇಲೂ ವಿದ್ಯುತ್ ಫ್ಯಾನ್ ತಾನಾಗಿಯೇ ತಿರುಗತೊಡಗಬಹುದಾದ್ದರಿಂದ ಕೈಯನ್ನು ದೂರವಿರಿಸಬೇಕು.

## ದೋಷ ಪತ್ತೆಯ ಕ್ರಮ

ಪತ್ತೆಕಾರ್ಯವು ಸುಲಭವಾದ ಪರೀಕ್ಷೆಯಿಂದ ಕಷ್ಟಕರವಾದದ್ದರತ್ತ ಸಾಗುವುದು ವಾಡಿಕೆ.

1. ಎಂಜಿನ್ ಪೂರ್ತಿ ತಣಿದಿರುವಾಗ ದ್ರವದ ಮಟ್ಟವನ್ನು ನೋಡುವುದು. ರೇಡಿಯೇಟರ್‌ಗೆ ಮುಚ್ಚಳವಿದ್ದರೆ ಅದನ್ನೂ ತೆರೆದು ನೋಡಬೇಕು. ಬಾಟಲಿ ತುಂಬಿದ್ದರೂ ರೇಡಿಯೇಟರ್ ಖಾಲಿಯಿರಬಹುದು.
2. ಹೊರಗಿನ ಸೋರಿಕೆ, ಬೆಲ್ಟ್‌ನ ಬಿಗಿತ ಮತ್ತು ಹೋಸ್ ಪೈಪುಗಳ ಸ್ಥಿತಿಯನ್ನು ಪರಿಶೀಲಿಸುವುದು. ಕಣ್ಣಿಗೆ ಕಾಣದ ಸೋರಿಕೆಯನ್ನು ಕೈಪಂಪಿನಿಂದ ಒತ್ತಡ ತುಂಬಿ ಪತ್ತೆಹಚ್ಚುತ್ತಾರೆ. ಮುಚ್ಚಳವನ್ನೂ ಇದೇ ಉಪಕರಣದಿಂದ ಪರೀಕ್ಷಿಸಬಹುದು.
3. ಎಂಜಿನ್ ಚಾಲನೆಯಲ್ಲಿಟ್ಟು ಫ್ಯಾನ್ ತಿರುಗುವುದೇ ಎಂದು ನೋಡುವುದು. ಬಹುತೇಕ ಕಾರುಗಳಲ್ಲಿ ಏಸಿ ಹಾಕಿದಾಗ ಫ್ಯಾನ್ ತಿರುಗಬೇಕು.
4. ರೇಡಿಯೇಟರ್‌ನ ಮೇಲಿನ ಹಾಗೂ ಕೆಳಗಿನ ಹೋಸ್ ಪೈಪುಗಳ ಬಿಸಿಯನ್ನು ಹೋಲಿಸುವುದು. ಎಂಜಿನ್ ಪೂರ್ತಿ ಕಾದಿದ್ದರೂ ರೇಡಿಯೇಟರ್ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಎಂದರ್ಥ. ಬಿಚ್ಚಿದ ಥರ್ಮೋಸ್ಟಾಟನ್ನು ಉಷ್ಣಮಾಪಕವಿಟ್ಟ ನೀರಿನ ಪಾತ್ರೆಯಲ್ಲಿ ಕಾಯಿಸಿ ಅದು ಎಷ್ಟು ಡಿಗ್ರಿಯಲ್ಲಿ ತೆರೆಯುತ್ತದೆ ಎಂದು ತಿಳಿಯಬಹುದು.
5. ಹೀಟರ್‌ನ ಎರಡು ಪೈಪುಗಳನ್ನು ಎಚ್ಚರದಿಂದ ಮುಟ್ಟಿ ನೋಡುವುದು. ಎರಡೂ ಬಿಸಿಯಾಗಿದ್ದರೆ ದೋಷ ಗಾಳಿಯ ಕದದಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ ಅಥವಾ ಹೀಟರ್ ಕವಾಟ ಮುಚ್ಚಿದೆ. ಎರಡೂ ತಣ್ಣಗಿದ್ದರೆ ದ್ರವದ ಕೊರತೆ, ಗಾಳಿ ಅಥವಾ ಪಂಪ್‌ನ ದೋಷ.
6. ಹೆಡ್ ಗ್ಯಾಸ್ಕೆಟ್ ಶಂಕೆಯಿದ್ದರೆ ರಾಸಾಯನಿಕ ಪರೀಕ್ಷೆ ಮಾಡುವುದು. ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ಬಣ್ಣದ ದ್ರಾವಣದ ಮೂಲಕ ಎಳೆದಾಗ, ಅದರಲ್ಲಿ ದಹನದಿಂದ ಬಂದ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ. ಸಿಲಿಂಡರ್‌ಗಳ ಕಂಪ್ರೆಷನ್ ಪರೀಕ್ಷೆ ಇದನ್ನು ದೃಢಪಡಿಸುತ್ತದೆ.

ಕಾರಿನ ಗಣಕದಲ್ಲಿ ದಾಖಲಾಗುವ ದೋಷಸಂಕೇತಗಳೂ ನೆರವಾಗುತ್ತವೆ. ಪಿ0217 ಅತಿತಾಪವನ್ನೂ, ಪಿ0128 ಎಂಜಿನ್ ನಿಗದಿತ ಉಷ್ಣತೆಗೆ ಏರದಿರುವುದನ್ನೂ ಸೂಚಿಸುತ್ತವೆ.

## ದುರಸ್ತಿ

ಸಿಲುಕಿದ ಗಾಳಿಯನ್ನು ತೆಗೆಯಲು ತಣ್ಣನೆಯ ಎಂಜಿನ್‌ನಲ್ಲಿ ಮುಚ್ಚಳ ತೆರೆದು, ಕಾರಿನ ಮುಂಭಾಗವನ್ನು ಎತ್ತರಿಸಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ ದ್ರವವನ್ನು ನಿಧಾನವಾಗಿ ತುಂಬಲಾಗುತ್ತದೆ. ಗಾಳಿ ಬಿಡುವ ತಿರುಪು ಇದ್ದರೆ ಅದರಿಂದ ಗುಳ್ಳೆಗಳಿಲ್ಲದ ದ್ರವ ಹೊರಬರುವವರೆಗೆ ತೆರೆದಿಡಬೇಕು. ಬಳಿಕ ತಯಾರಕರ ಕೈಪಿಡಿಯಲ್ಲಿರುವಂತೆ ಎಂಜಿನ್ ಚಾಲನೆ ಮಾಡಿ ಥರ್ಮೋಸ್ಟಾಟ್ ತೆರೆದ ನಂತರ, ಮತ್ತೆ ತಣಿಸಿ ಮಟ್ಟವನ್ನು ಸರಿಪಡಿಸಲಾಗುತ್ತದೆ.

ಕಟ್ಟಿಕೊಂಡ ಹೀಟರ್ ಕೋರ್‌ಗೆ ಹರಿವಿನ ವಿರುದ್ಧ ದಿಕ್ಕಿನಿಂದ ಕಡಿಮೆ ಒತ್ತಡದ ನೀರು ಹಾಯಿಸಿ ಕೆಸರನ್ನು ತೊಳೆಯಬಹುದು. ಒತ್ತಡ ಹೆಚ್ಚಾದರೆ ಅದರ ತೆಳುವಾದ ಕೊಳವೆಗಳು ಒಡೆಯುತ್ತವೆ. ತೊಳೆದರೂ ಸರಿಯಾಗದಿದ್ದರೆ ಕೋರ್ ಬದಲಿಸಬೇಕಾಗುತ್ತದೆ. ಅನೇಕ ಕಾರುಗಳಲ್ಲಿ ಇದಕ್ಕಾಗಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದ್ದರಿಂದ ಕೋರ್‌ನ ಬೆಲೆಗಿಂತ ಕೂಲಿಯೇ ಹೆಚ್ಚಾಗಬಹುದು. ಸೋರಿಕೆ ತಡೆಯಲೆಂದು ಹಾಕುವ ಪುಡಿ ಅಥವಾ ದ್ರಾವಣಗಳು ತಾತ್ಕಾಲಿಕ ಉಪಶಮನ ನೀಡಿದರೂ ಹೀಟರ್ ಕೋರ್‌ನ ಕಿರಿದಾದ ಕೊಳವೆಗಳನ್ನು ಮುಚ್ಚುವ ಅಪಾಯವಿದೆ.

ಬಿಸಿ ಪ್ರದೇಶಗಳಲ್ಲಿ ಅತಿತಾಪಕ್ಕೆ ಪರಿಹಾರವೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ರೂಢಿಯಿದೆ. ಇದರಿಂದ ಎಂಜಿನ್ ಸರಿಯಾದ ಉಷ್ಣತೆಗೆ ಏರದೆ ಇಂಧನ ವ್ಯಯ ಮತ್ತು ಸವೆತ ಹೆಚ್ಚುತ್ತವೆ, ಹೀಟರ್ ದುರ್ಬಲವಾಗುತ್ತದೆ. ಮೂಲ ದೋಷ ಮರೆಯಾಗಿ ಉಳಿಯುತ್ತದೆ.

## ನೀರು, ಎತ್ತರ ಮತ್ತು ಹವಾಮಾನ

ಕರ್ನಾಟಕದ ಒಳನಾಡಿನಲ್ಲಿ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರ್‌ಗೆ ತುಂಬುವುದು ಸಾಮಾನ್ಯ. ಬಿಸಿಯಾದಾಗ ಅದರಲ್ಲಿನ ಕ್ಯಾಲ್ಸಿಯಂ ಲವಣಗಳು ಪಾತ್ರೆಯಲ್ಲಿ ಕಟ್ಟುವಂತೆ ಕೊಳವೆಗಳ ಒಳಮೈಯಲ್ಲೂ ಬಿಳಿ ಪದರವಾಗಿ ಕಟ್ಟುತ್ತವೆ. ಈ ಪದರವು ಶಾಖ ಹಾಯುವುದನ್ನೂ ಹರಿವನ್ನೂ ತಡೆಯುತ್ತದೆ. ತುರ್ತಿನಲ್ಲಿ ಯಾವ ಶುದ್ಧ ನೀರನ್ನಾದರೂ ಬಳಸಬಹುದಾದರೂ ನಂತರ ಅದನ್ನು ತೆಗೆದು, ಭಟ್ಟಿ ಇಳಿಸಿದ ನೀರು ಬೆರೆಸಿದ ಕೂಲೆಂಟ್ ತುಂಬುವುದು ಸೂಕ್ತ.

ಎತ್ತರ ಹೆಚ್ಚಿದಂತೆ ನೀರು ಕುದಿಯುವ ಬಿಂದು ಇಳಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 97 ಡಿಗ್ರಿ. ಸುಮಾರು 3500 ಮೀಟರ್ ಎತ್ತರದ ಲೇಹ್‌ನಲ್ಲಿ ಸುಮಾರು 88 ಡಿಗ್ರಿ. ಮುಚ್ಚಳ ಸಡಿಲವಾಗಿ ಒತ್ತಡ ನಿಲ್ಲದ ಕಾರಿನಲ್ಲಿ ಬರಿಯ ನೀರಿದ್ದರೆ ಅಂತಹ ಎತ್ತರದಲ್ಲಿ ಎಂಜಿನ್‌ನ ಸಹಜ ಉಷ್ಣತೆಯಲ್ಲೇ ಅದು ಕುದಿಯತೊಡಗುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಾಟಿ ರಸ್ತೆಗಳ ಏರಿನಲ್ಲಿ ಎಂಜಿನ್ ಹೆಚ್ಚು ಶ್ರಮಿಸುತ್ತದೆ, ವೇಗ ಕಡಿಮೆಯಿರುವುದರಿಂದ ಎದುರುಗಾಳಿಯೂ ಕಡಿಮೆ. ಸಮತಟ್ಟಿನಲ್ಲಿ ಮರೆಯಾಗಿದ್ದ ದೋಷ ಅಲ್ಲಿ ಹೊರಬೀಳುತ್ತದೆ. ಕರಾವಳಿ ಮತ್ತು ಬಯಲುಸೀಮೆಯಲ್ಲಿ ಹೀಟರ್ ಬಳಕೆ ವಿರಳವಾದ ಕಾರಣ ಅದು ನೀಡುವ ಮುನ್ಸೂಚನೆ ಚಾಲಕರ ಗಮನಕ್ಕೆ ಬಾರದೆ ಹೋಗುವುದುಂಟು.

## ನಿರ್ವಹಣೆ ಮತ್ತು ಸುರಕ್ಷತೆ

ಕೂಲೆಂಟ್‌ನ ತುಕ್ಕುನಿರೋಧಕ ಗುಣ ಕಾಲಕ್ರಮೇಣ ಕುಂದುತ್ತದೆ. ಹಳೆಯ ಬಗೆಯ ಕೂಲೆಂಟನ್ನು ಸುಮಾರು 2 ವರ್ಷಕ್ಕೊಮ್ಮೆ, ಸಾವಯವ ಆಮ್ಲ ಆಧಾರಿತವಾದದ್ದನ್ನು ಸುಮಾರು 5 ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಆಯಾ ಕಾರಿನ ಕೈಪಿಡಿಯೇ ಅಂತಿಮ. ಬೇರೆ ಬೇರೆ ಬಗೆಗಳನ್ನು ಬೆರೆಸಿದರೆ ಗಸಿ ಉಂಟಾಗಬಹುದು. ಬಣ್ಣ ಎಲ್ಲ ತಯಾರಕರಲ್ಲೂ ಏಕರೂಪವಾಗಿಲ್ಲದ ಕಾರಣ ಬಣ್ಣ ನೋಡಿ ಬಗೆಯನ್ನು ನಿರ್ಧರಿಸಲಾಗದು.

ಎಥಿಲೀನ್ ಗ್ಲೈಕಾಲ್ ವಿಷಕಾರಿ. ರುಚಿ ಸಿಹಿಯಾಗಿರುವುದರಿಂದ ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ, ಬೆಕ್ಕುಗಳು ನೆಕ್ಕುವ, ಮಕ್ಕಳು ಬಾಯಿಗೆ ಹಾಕುವ ಅಪಾಯವಿದೆ. ಅದು ಮೂತ್ರಪಿಂಡಗಳಿಗೆ ಹಾನಿ ಮಾಡಿ ಸಾವಿಗೂ ಕಾರಣವಾಗಬಹುದು. ಸೇವಿಸಿದ ಶಂಕೆಯಿದ್ದರೆ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ತೆಗೆದ ಕೂಲೆಂಟನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಗುರುತು ಹಾಕಿ ಇಡಬೇಕು. ಚರಂಡಿಗೆ ಅಥವಾ ಮಣ್ಣಿಗೆ ಸುರಿಯಬಾರದು.

## ಇವನ್ನೂ ನೋಡಿ

- ಅಂತರ್ದಹನ ಎಂಜಿನ್
- ರೇಡಿಯೇಟರ್
- ಥರ್ಮೋಸ್ಟಾಟ್
- ಎಥಿಲೀನ್ ಗ್ಲೈಕಾಲ್
- ಕುದಿಯುವ ಬಿಂದು